ದೋಣಿಯ ಬಾಡಿಗೆ

ಅರಸೀಕೆರೆ ರೈಲ್ವೆ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ,
ದಸರಾ ರಜೆಗೆ ಹದಿನಾಲ್ಕು ಮಂದಿ,
ಒಂದು ಬಚ್ಚಲು.
ನನ್ನ ಬ್ಯಾಗಿನಲ್ಲಿ ಎರಡು ಚೂಡಿದಾರ, ಒಂದು ಸ್ವೆಟರ್,
ಶಾಲೆಯ ಲೈಬ್ರರಿಯಿಂದ ತಂದ ಮುನ್ನೂರ ಹನ್ನೆರಡು ಪುಟ.

ಅದರಲ್ಲೊಬ್ಬಳು ಮೋಡಗಳ ನಡುವೆ ದೋಣಿ ನಡೆಸುವ ಹುಡುಗಿ.
ನನ್ನದೇ ವಯಸ್ಸು, ಹದಿನೈದು.
ಅವಳ ದೋಣಿಗೆ ಒಂದು ಸಲಕ್ಕೆ ಒಬ್ಬರೇ.
ದುಡ್ಡು ಮುಟ್ಟುವುದಿಲ್ಲ ಅವಳು.
ಆಚೆ ದಡದಲ್ಲಿ ಇಳಿಯುವವರು
ತಮ್ಮ ಹೆಸರು ಕೊಟ್ಟು ಇಳಿಯಬೇಕು.

ನಾನಾಗಿದ್ದರೆ ಎಂದೋ ಕೊಟ್ಟುಬಿಡುತ್ತಿದ್ದೆ.
"ಇಂಚರಾ, ಲೋಟ ತಾ. ಇಂಚರಾ, ಕೊಬ್ಬರಿ ತುರಿ.
ಇಂಚರಾ, ಮಾವನ ಕನ್ನಡಕ ನೋಡಿದ್ಯಾ?"
ಹೆಸರಿಗೂ ಬೆವರು ಬರುವಂತಿದ್ದರೆ
ಸಂಜೆಯೊಳಗೆ ಹಿಂಡಿ ಒಣಹಾಕಬಹುದಿತ್ತು.

ಬಚ್ಚಲಲ್ಲಿ ಓದಿದೆ, ಚಿರಂತ್ ಬಾಗಿಲು ಒದೆಯುವವರೆಗೆ.
ಮಂಚದ ಕೆಳಗೆ ಓದಿದೆ, ಬೂದುಗುಂಬಳದ ಪಕ್ಕ ಮಲಗಿ.
ಮ್ಯಾಕ್ಸಿಕ್ಯಾಬಿನಲ್ಲಿ ಅಕ್ಷರ ಕುಣಿದು ಹೊಟ್ಟೆ ತೊಳಸಿ
ಜಾವಗಲ್ಲಿನವರೆಗೂ ನಿಂಬೆಹಣ್ಣು ಮೂಸಿದೆ.
ಹಳೇಬೀಡಿನಲ್ಲಿ ಗೈಡು ಕಲ್ಲಿನ ಒಡವೆ ಎಣಿಸುತ್ತಿದ್ದರೆ
ಚಪ್ಪಲಿ ಕಾಯುತ್ತೇನೆಂದು ಹೊರಗೇ ಉಳಿದೆ.
ಹದಿಮೂರು ಜೊತೆ ಚಪ್ಪಲಿ, ಒಂದು ಆಕಾಶ.
ಇಷ್ಟು ಒಳ್ಳೆಯ ನೌಕರಿ ಯಾರಿಗೂ ಸಿಕ್ಕಿರಲಿಕ್ಕಿಲ್ಲ.

"ಇಷ್ಟು ದೂರ ಬಂದು ಒಂದು ಆನೆಸಾಲೂ ನೋಡಲ್ವೇನೆ?" ಎಂದರು ಅಪ್ಪ.
ನೋಡ್ತೀನಪ್ಪ, ಮುಂದಿನ ಸಲ.
ಈಗ ದೋಣಿ ಸುಳಿಗೆ ಸಿಕ್ಕಿದೆ.

ಮೂರನೆಯ ದಿನ ಬೆಳಿಗ್ಗೆ
ಗುರುತಿಗಿಟ್ಟ ಬಸ್ ಟಿಕೆಟ್ಟು ನೂರ ನಲವತ್ತರಲ್ಲೇ ಇತ್ತು.
ನೂರ ಎಪ್ಪತ್ತೊಂದರ ಅಂಚಿನಲ್ಲಿ ಮಾತ್ರ
ಅರಿಶಿನದ ಹೆಬ್ಬೆರಳು.
ನಾನಿನ್ನೂ ಕಾಣದ ದ್ವೀಪಕ್ಕೆ
ಯಾರೋ ಹೋಗಿಬಂದಿದ್ದರು.

ಆ ರಾತ್ರಿ ಕಾದೆ. ಅದಿರಿನ ಗೂಡ್ಸು ಹಾದು
ಕಿಟಕಿ, ಪಾತ್ರೆ, ಎಲ್ಲರ ಗೊರಕೆ ಒಟ್ಟಿಗೇ ಅದುರಿ ನಿಂತ ಮೇಲೆ
ಅಡುಗೆಮನೆಯಲ್ಲಿ ಮೊಬೈಲಿನ ಬೆಳಕು.
ಅತ್ತೆ.
ಗ್ಯಾಸ್ ಸಿಲಿಂಡರಿಗೆ ಒರಗಿ, ಕಾಲು ಚಾಚಿ, ಬಾಯಿ ಅರ್ಧ ತೆರೆದು.
ಹಗಲೆಲ್ಲ ತಟ್ಟೆ ತೊಳೆದ ಕೈ
ಕಾವಲಿಯ ಮೇಲಿನ ರೊಟ್ಟಿಯಂತೆ ಪುಟ ಮಗುಚಿತು.

ಬೈಯುತ್ತಾರೆಂದುಕೊಂಡೆ. ಅವರೇ ಬೆಚ್ಚಿದರು.
"ಅಕ್ಕಿ ನೆನೆಹಾಕೋಕೆ ಎದ್ದಿದ್ದೆ ಕಣೆ."
ಆಮೇಲೆ, ದನಿ ತಗ್ಗಿಸಿ:
"ಕೊಟ್ಟ ಹೆಸರು ಅವರಿಗೆ ವಾಪಸ್ ಸಿಗುತ್ತಾ?"
"ನನಗೇನು ಗೊತ್ತು? ನೀವೇ ಮುಂದಿದೀರಲ್ಲ!"
ಸೆರಗು ಬಾಯಿಗೊತ್ತಿ ಅವರು, ದಿಂಬು ಬಾಯಿಗೊತ್ತಿ ನಾನು
ನಕ್ಕೆವು, ಕುಕ್ಕರಿನ ವಿಷಲ್ಲಿಗೂ ಕೇಳದಂತೆ.

ಒಪ್ಪಂದವಾಯಿತು. ಹಗಲು ನನ್ನದು, ಇರುಳು ಅವರದು,
ಮುಂದಿನ ಕತೆ ಬಾಯಿಬಿಡಕೂಡದು.
ಆದರೂ ಚಿತ್ರಾನ್ನ ಬಡಿಸುವಾಗಿನ ಆ ಮುಖ ನೋಡಿಯೇ
ಯಾರೋ ಸಾಯುತ್ತಾರೆಂದು ತಿಳಿದುಬಿಟ್ಟಿತು.
ಮಾವ ಉಪ್ಪು ಹೆಚ್ಚಾಯಿತೆಂದರು.

ಹೊರಡುವ ದಿನ, ಎರಡನೆಯ ಪ್ಲಾಟ್‌ಫಾರಂ.
ನನಗಿನ್ನೂ ಇಪ್ಪತ್ತು ಪುಟ ಬಾಕಿ. ಅವರು ಮುಗಿಸಿದ್ದರು,
ಕೆಂಪುಗಣ್ಣಿನ ತಪ್ಪನ್ನು ಈರುಳ್ಳಿಯ ಮೇಲೆ ಹೊರಿಸಿದ್ದರು.
ಕಿಟಕಿಯಿಂದ ಚಟ್ನಿಪುಡಿ ಒಳಬಂತು, ಹಿಂದೆಯೇ ಪುಸ್ತಕ,
ಹಳೆ ಪೇಪರಿನ ಬೈಂಡು ತೊಟ್ಟು.

ಆಗ ಹೊಳೆಯಿತು.
ಅಮ್ಮನಿಗೆ ಇವರು ಅತ್ತಿಗೆ. ಮಾವನಿಗೆ "ಇವಳೇ".
ಚಿರಂತ್‌ಗೆ ಅಮ್ಮ. ಸಾಲುಮನೆಯವರಿಗೆಲ್ಲ
ಮರುಳಪ್ಪನವರ ಮನೆಯವರು.

"ಅತ್ತೆ, ನಿಮ್ಮ ಹೆಸರೇನು?"
ರೈಲು ಕದಲಿತ್ತು. ಹೇಳಿದರು.
ಯಾವುದೋ ಗಾಡಿ ತಡವಾದದ್ದಕ್ಕೆ
ಸ್ಪೀಕರು ಮೂರು ಭಾಷೆಯಲ್ಲಿ ವಿಷಾದಿಸುತ್ತಿತ್ತು.
ತುಟಿ ಒಮ್ಮೆ ಮುಚ್ಚಿ ತೆರೆದದ್ದು ಕಂಡಿತು.
ಮೂರಕ್ಷರವಿರಬೇಕು.

ಅಮ್ಮನನ್ನು ಕೇಳಬಹುದಿತ್ತು, ಎದುರಿಗೇ ಕೂತಿದ್ದಳು.
ಕೇಳಲಿಲ್ಲ. ದೋಣಿಯ ಹುಡುಗಿ
ಏನು ಮಾಡುತ್ತಾಳೋ ಮೊದಲು ನೋಡೋಣ.
ಇಪ್ಪತ್ತೇ ಪುಟ. ಕಡೂರು ದಾಟುವಷ್ಟರಲ್ಲಿ
ಮೋಡ ಬಿರಿಯುತ್ತಿತ್ತು, ಅವಳು ಮೂಟೆಯ ಗಂಟಿಗೆ
ಕೈ ಹಾಕಿದ್ದಳು, ಅಷ್ಟರಲ್ಲಿ

"ಇಂಚರಾ,
ನೀರಿನ ಬಾಟ್ಲು ಎಲ್ಲಿಟ್ಟೆ?"